ಬಾಳೆಯ ಹಣ್ಣಿನ ಬಿಳಿಯ ಎಳೆಗಳ ವಿಷಯವಾಗಿ ಎರಡು ಮಾತು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಹಳೆಯ ದಿನಗಳ ನೆನಪುಗಳನ್ನು ಬರೆಯುವುದೇ ಸುಲಭವೆಂದು ಮೊದಲು ನಮಗೆ ತೋರಿತು. ಆದರೆ ಅಂಗಳದ ಬೇವಿನ ಮರ, ಬೆಳಗಿನ ಗಂಟೆ, ವಸತಿಗೃಹದ ಜೋಳದ ರೊಟ್ಟಿ, ಇವುಗಳ ವಿಷಯವಾಗಿ ನಮಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರಿದ್ದಾರೆ. ಆದುದರಿಂದ ನಾವು ಆ ದಾರಿಯನ್ನು ಬಿಟ್ಟು, ಕಳೆದ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ಕಂಡ ಒಂದು ಸಂಗತಿಯಿಂದ ಮನಸ್ಸಿನಲ್ಲಿ ಎದ್ದ ವಿಚಾರವನ್ನು ಪೂರ್ವ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡಲು ಅಪೇಕ್ಷಿಸುತ್ತೇವೆ. ವಿಷಯವು ಕೊಂಚ ಶುಷ್ಕವಾಗಿ ಕಂಡರೆ ವಾಚಕರು ಕ್ಷಮಿಸಬೇಕು. ಅದು ನಮ್ಮೆಲ್ಲರ ಮನೆಬಾಗಿಲಿಗೆ ಒಮ್ಮೆ ಬಂದುಹೋದ ವಿಷಯವೇ ಆಗಿದೆ.

ಆ ದಿನ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಕಮಲಾಪುರದ ಕೆಂಪು ಬಾಳೆಯ ಹಣ್ಣೊಂದನ್ನು ಸುಲಿದು ಕಿವುಚಿ, ಅದಕ್ಕೆ ಉಪ್ಪನ್ನೂ ಪಾತ್ರೆ ತೊಳೆಯುವ ಸಾಬೂನಿನ ನೀರನ್ನೂ ಬೆರೆಸಿ, ಬಟ್ಟೆಯಲ್ಲಿ ಸೋಸಿ, ಗಾಜಿನ ಲೋಟದೊಳಕ್ಕೆ ಹೊಯ್ದು, ಅದರ ಅಂಚಿನಿಂದ ಮೆಲ್ಲಗೆ ತಣ್ಣಗಿನ ಸ್ಪಿರಿಟನ್ನು ಇಳಿಬಿಟ್ಟಳು. ಎರಡು ದ್ರವಗಳು ಕೂಡುವ ಸ್ಥಳದಲ್ಲಿ ಹಿಂಜಿದ ಹತ್ತಿಯಂತೆ ಬಿಳಿಯ ಎಳೆಗಳು ಮೇಲೆದ್ದವು. ಅವನ್ನು ಕಡ್ಡಿಗೆ ಸುತ್ತಿ ಎತ್ತಿ ಹಿಡಿದು, ಇದೇ ಬಾಳೆಯ ಡಿ.ಎನ್.ಎ. ಎಂದು ಆಕೆ ಸಾರಿದಳು. ಪ್ರತಿಯೊಂದು ಜೀವಕೋಶದಲ್ಲಿ ಆ ಜೀವಿಯ ಗುಣಲಕ್ಷಣಗಳೆಲ್ಲ ಯಾವ ಬರಹದಲ್ಲಿ ಅಡಗಿವೆಯೋ ಆ ಬರಹವೇ ಡಿ.ಎನ್.ಎ. ಎಂದೂ, ಕೋಶವು ಕೆಲಸಕ್ಕೆ ಬೇಕಾದಷ್ಟು ಭಾಗವನ್ನು ಆಗಾಗ್ಗೆ ನಕಲು ಮಾಡಿಕೊಳ್ಳುವ ಚೀಟಿಯೇ ಆರ್.ಎನ್.ಎ. ಎಂದೂ ಚೊಕ್ಕವಾದ ಮಾತುಗಳಲ್ಲಿ ವಿವರಿಸಿದಳು. ನೆರೆದವರೆಲ್ಲ ಕರತಾಡನ ಮಾಡಿದರು, ನಾವೂ ಮಾಡಿದೆವು.

ಆಗ ಹಿಂದೆ ನಿಂತಿದ್ದ, ರುಮಾಲು ಸುತ್ತಿದ್ದ, ಕಮಲಾಪುರದ ಕಡೆಯ ಪಾಲಕರೊಬ್ಬರು ಮುಂದೆ ಬಂದು ಕಡ್ಡಿಯನ್ನು ದಿಟ್ಟಿಸಿ ನೋಡಿ ಕೇಳಿದರು: “ಎಷ್ಟದವ್ವಾ ಇದು? ಇದ್ರಾಗ ಕಸ ಎಷ್ಟದ?” ಬಾಲಕಿಯು ಒಂದು ಕ್ಷಣ ತಡೆದು, “ಭಾಳ ಅದ್ರೀ ಕಾಕಾ,” ಎಂದಳು. ಕೆಲವರು ನಕ್ಕರು. ಕಾಕಾ ಅವರು ನಗಲಿಲ್ಲ. ತೊಗರಿಯನ್ನು ಕಲಬುರಗಿಯ ಮಾರುಕಟ್ಟೆಗೆ ತಂದು ಮಾರಿದವರು ಅವರು. ಮಾಲನ್ನು ಕಂಡ ಕೂಡಲೇ ತೂಕವೆಷ್ಟು, ಕಸವೆಷ್ಟು, ನುಚ್ಚೆಷ್ಟು ಎಂದು ಕೇಳುವುದು ಅವರಿಗೆ ಸಹಜ. ಆ ಎರಡು ಪ್ರಶ್ನೆಗಳಲ್ಲಿ ಒಂದು ದೊಡ್ಡ ಶಾಸ್ತ್ರದ ಅರ್ಧಭಾಗ ಅಡಗಿತ್ತೆಂಬುದು ನೆರೆದವರಲ್ಲಿ ಬಹುಮಂದಿಗೆ ಹೊಳೆಯಲಿಲ್ಲವೆಂದು ತೋರುತ್ತದೆ.

ಮೊದಲು ಕಸದ ಮಾತನ್ನೇ ಎತ್ತಿಕೊಳ್ಳೋಣ. ಪೇರಲ ಹಣ್ಣಿನ ಜೆಲ್ಲಿಯನ್ನು ಮಾಡಿದ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಸಂಗತಿ ನೆನಪಿರಬಹುದು. ಬೇಯಿಸಿ ಸೋಸಿದ ರಸವು ಜೆಲ್ಲಿಯಾಗಿ ಕಟ್ಟುವುದೋ ಇಲ್ಲವೋ ಎಂದು ತಿಳಿಯಲು, ಒಂದು ಚಮಚ ರಸಕ್ಕೆ ಸ್ಪಿರಿಟನ್ನು ಬೆರೆಸಿ ನೋಡುವ ಪದ್ಧತಿಯುಂಟು. ರಸವು ಗಟ್ಟಿಯಾಗಿ ಗಡ್ಡೆಕಟ್ಟಿದರೆ ಅದರಲ್ಲಿ ಪೆಕ್ಟಿನ್ ಎಂಬ ಅಂಟುಪದಾರ್ಥ ಸಾಕಷ್ಟಿದೆಯೆಂದು ಅರ್ಥ. ಅಂದರೆ ಹಣ್ಣಿನ ರಸದಲ್ಲಿ ಸ್ಪಿರಿಟು ಬಿದ್ದಾಗ ಬೇರ್ಪಟ್ಟು ಕಾಣಿಸಿಕೊಳ್ಳುವುದು ಡಿ.ಎನ್.ಎ. ಒಂದೇ ಅಲ್ಲ, ಪೆಕ್ಟಿನ್ ಕೂಡ ಹಾಗೆಯೇ ಕಾಣಿಸಿಕೊಳ್ಳುತ್ತದೆ. ಬಾಳೆಯ ತಿರುಳಿನಲ್ಲಿಯೂ ಪೆಕ್ಟಿನ್ ಧಾರಾಳವಾಗಿದೆ. ತಿರುಳಿನ ಕೋಶಗಳೋ ಸಕ್ಕರೆ ಪಿಷ್ಟಗಳಿಂದ ಉಬ್ಬಿ ದೊಡ್ಡವಾಗಿರುವುದರಿಂದ ಒಂದು ತುತ್ತು ಹಣ್ಣಿನಲ್ಲಿ ಡಿ.ಎನ್.ಎ. ಇರುವುದು ನಾವು ಭಾವಿಸುವುದಕ್ಕಿಂತ ಬಹು ಕಡಮೆ. ಹೀಗಿರಲಾಗಿ, ಆ ಬಾಲಕಿಯು ಎತ್ತಿ ಹಿಡಿದ ಬಿಳಿಯ ಎಳೆಗಳಲ್ಲಿ ಡಿ.ಎನ್.ಎ. ಇದ್ದುದು ನಿಜವಾದರೂ, ಅದರ ಸಂಗಡ ಪೆಕ್ಟಿನ್, ಆರ್.ಎನ್.ಎ., ಪ್ರೋಟೀನು ಇವೆಲ್ಲ ಇದ್ದುವು. ಪಾಲು ಯಾರದು ಎಷ್ಟೆಂದು ಕಣ್ಣಿನಿಂದ ಹೇಳುವುದು ಯಾರಿಂದಲೂ ಆಗದು. ಬಾಲಕಿಯ ತಪ್ಪು ಇದರಲ್ಲಿ ಏನೂ ಇಲ್ಲ. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಲು ಕಲಿಸಿದ ನಮ್ಮಂಥ ಹಿರಿಯರದು ತಪ್ಪು.

ಈ ಪದಾರ್ಥವನ್ನು ಮೊಟ್ಟಮೊದಲು ಕಂಡವನು ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಮೀಶರ್ ಎಂಬ ತರುಣ ವೈದ್ಯನು. 1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ, ಆಸ್ಪತ್ರೆಯಿಂದ ತರಿಸಿದ ಗಾಯದ ಪಟ್ಟಿಗಳ ಕೀವಿನಿಂದ ಆತನು ಅದನ್ನು ಬೇರ್ಪಡಿಸಿ ‘ನ್ಯೂಕ್ಲಿನ್’ ಎಂದು ಹೆಸರಿಟ್ಟನು. ಪ್ರೋಟೀನಿನಲ್ಲಿ ಕಾಣದಷ್ಟು ರಂಜಕವು ಅದರಲ್ಲಿ ಇದ್ದುದೇ ಇದು ಹೊಸ ವಸ್ತುವೆಂಬುದಕ್ಕೆ ಆತನ ಆಧಾರ. ಆದರೆ ಆತನ ಗುರು ಹೊಪ್ಪೆ-ಸೈಲರ್ ಎಂಬಾತನು ಶಿಷ್ಯನ ಮಾತನ್ನು ಒಮ್ಮೆಗೇ ಅಚ್ಚಿಗೆ ಕೊಡಲಿಲ್ಲ. ತಾನೇ ಪ್ರಯೋಗವನ್ನು ಮರಳಿ ಮಾಡಿ, ತಾನೇ ಅಳೆದು ನೋಡಿ, ಒಪ್ಪಿಗೆಯಾದ ಮೇಲೆ 1871ರಲ್ಲಿ ಪ್ರಕಟಿಸಿದನು. ಶಿಷ್ಯನಿಗೆ ಆ ಎರಡು ವರ್ಷ ಕಷ್ಟದವೇ ಆಗಿದ್ದಿರಬೇಕು. ಆದರೂ ಇಂದಿಗೂ ಆ ಬರಹವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದಿಲ್ಲ.

ಹಾಗಾದರೆ ಇಂದು ಅಳೆಯುವ ಬಗೆ ಹೇಗೆ? ಅತ್ಯಂತ ರೂಢಿಯಲ್ಲಿರುವ ವಿಧಾನವು ಬೆಳಕಿನದು. ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಲ್ಲಿ 260 ನ್ಯಾನೋಮೀಟರು ಉದ್ದದ ಅಲೆಯನ್ನು ಡಿ.ಎನ್.ಎ., ಆರ್.ಎನ್.ಎ.ಗಳು ಬಹಳವಾಗಿ ಹೀರುತ್ತವೆ. ಸಾಮಾನ್ಯ ಗಾಜು ತಾನೇ ಆ ಕಿರಣವನ್ನು ನುಂಗಿಬಿಡುವುದರಿಂದ ಸ್ಫಟಿಕದ ಪುಟ್ಟ ಪಾತ್ರೆಯಲ್ಲಿ ದ್ರಾವಣವನ್ನಿಟ್ಟು, ಎಷ್ಟು ಬೆಳಕು ಒಳಹೊಕ್ಕಿತು, ಎಷ್ಟು ಹೊರಬಂದಿತು ಎಂದು ಯಂತ್ರದಿಂದ ನೋಡುತ್ತಾರೆ. ಒಂದು ಸೆಂಟಿಮೀಟರು ದಪ್ಪದ ದ್ರಾವಣದಲ್ಲಿ ಹೀರಿಕೆಯ ಅಂಕ 1 ಬಂದರೆ, ಜೋಡಿ ಎಳೆಯ ಡಿ.ಎನ್.ಎ. ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಇದೆಯೆಂದೂ, ಆರ್.ಎನ್.ಎ. ಆದರೆ 40 ಮೈಕ್ರೋಗ್ರಾಂ ಇದೆಯೆಂದೂ ಲೆಕ್ಕ. ಡಿ.ಎನ್.ಎ. ದ್ರಾವಣವನ್ನು 20 ಪಟ್ಟು ತೆಳು ಮಾಡಿ ನೋಡಿದಾಗ 0.5 ಬಂದಿತೆನ್ನೋಣ, 0.5ನ್ನು 50ರಿಂದಲೂ 20ರಿಂದಲೂ ಗುಣಿಸಿದರೆ ಮೂಲ ದ್ರಾವಣದಲ್ಲಿ ಮಿಲಿಲೀಟರಿಗೆ 500 ಮೈಕ್ರೋಗ್ರಾಂ ಇರಬೇಕು. ಈ ಗುಣಾಕಾರವು ಎಂಟನೆಯ ತರಗತಿಯ ಹುಡುಗಿಗೂ ಕಷ್ಟವಲ್ಲ. ಈಚಿನ ಯಂತ್ರಗಳಲ್ಲಿ ಪಾತ್ರೆಯೂ ಬೇಡ, ಒಂದೆರಡು ಮೈಕ್ರೋಲೀಟರಿನ ಹನಿಯೇ ಸಾಕು.

ಆದರೆ ಈ ತಕ್ಕಡಿಗೆ ಒಂದು ದೊಡ್ಡ ದೋಷವುಂಟು. ಅದು ತೊಗರಿಯನ್ನೂ ಕಲ್ಲನ್ನೂ ಬೇರೆ ಬೇರೆಯಾಗಿ ತೂಗಲಾರದು. 260ರಲ್ಲಿ ಬೆಳಕನ್ನು ಹೀರುವ ಯಾವತ್ತೂ ಅದರ ಲೆಕ್ಕಕ್ಕೆ ಸೇರುತ್ತದೆ; ಡಿ.ಎನ್.ಎ. ಬೇಕೆಂದರೆ ಅದರೊಳಗೆ ಉಳಿದ ಆರ್.ಎನ್.ಎ. ಕೂಡ ತೂಕಕ್ಕೆ ಬರುತ್ತದೆ. ಆದುದರಿಂದ ಇನ್ನೆರಡು ಕಡೆ ಇಣಿಕಿ ನೋಡುವ ಪದ್ಧತಿ ಬಂದಿದೆ. ಪ್ರೋಟೀನುಗಳು 280ರಲ್ಲಿ ಹೀರುತ್ತವೆ. 260ರ ಅಂಕವನ್ನು 280ರ ಅಂಕದಿಂದ ಭಾಗಿಸಿದರೆ ಶುದ್ಧ ಡಿ.ಎನ್.ಎ.ಗೆ ಸುಮಾರು 1.8, ಶುದ್ಧ ಆರ್.ಎನ್.ಎ.ಗೆ ಸುಮಾರು 2.0 ಬರತಕ್ಕದ್ದು. ಸಕ್ಕರೆಯ ಜಾತಿಯ ಅಂಟುಗಳೂ, ತೊಗರು ಪದಾರ್ಥಗಳೂ, ಶುದ್ಧಿ ಮಾಡುವಾಗ ಉಳಿದ ಕೆಲವು ಲವಣಗಳೂ 230ರ ಹತ್ತಿರ ಹೀರುತ್ತವೆ. 260ನ್ನು 230ರಿಂದ ಭಾಗಿಸಿದರೆ 2.0ರಿಂದ 2.2ರವರೆಗೆ ಬರಬೇಕು. ಇದರಲ್ಲಿ ವಿನೋದದ ಸಂಗತಿಯೊಂದಿದೆ. 260ಕ್ಕೂ 280ಕ್ಕೂ ಇರುವ ಈ ಅನುಪಾತವನ್ನು ಮೊದಲು ಬಳಕೆಗೆ ತಂದವರು 1942ರಲ್ಲಿ ಜರ್ಮನಿಯ ಓಟೋ ವಾರ್‌ಬುರ್ಗ್ ಮತ್ತು ವಾಲ್ಟರ್ ಕ್ರಿಸ್ಟಿಯಾನ್ ಎಂಬವರು. ಅವರಿಗೆ ಬೇಕಾಗಿದ್ದುದು ಪ್ರೋಟೀನು, ಕಸವಾಗಿದ್ದುದು ನ್ಯೂಕ್ಲಿಕ್ ಆಮ್ಲ! ಮುಂದೆ ಬಂದವರು ಅದನ್ನೇ ತಲೆಕೆಳಗಾಗಿ ಹಿಡಿದುಕೊಂಡರು. ನ್ಯೂಕ್ಲಿಕ್ ಆಮ್ಲವು ಪ್ರೋಟೀನಿಗಿಂತ ಎಷ್ಟೋ ಪಾಲು ಹೆಚ್ಚು ಬೆಳಕನ್ನು ಹೀರುವುದರಿಂದ, ಸಾಕಷ್ಟು ಪ್ರೋಟೀನು ಉಳಿದಿದ್ದರೂ ಆ ಅಂಕವು ಹೆಚ್ಚೇನೂ ಕದಲುವುದಿಲ್ಲ. 1.8 ಬಂದಿತೆಂದು ನೆಮ್ಮದಿಯಾಗಿ ಕುಳಿತುಬಿಡುವವರಿಗೆ ಈ ಮಾತನ್ನು ಹೇಳತಕ್ಕದ್ದು ಅವಶ್ಯ.

ಇದಕ್ಕಿಂತ ನಿಷ್ಕೃಷ್ಟವಾದ ಬಗೆಯೊಂದಿದೆ. ಜೋಡಿ ಎಳೆಯ ಡಿ.ಎನ್.ಎ.ಗೆ ಅಂಟಿಕೊಂಡಾಗ ಮಾತ್ರ ಹೊಳೆಯುವ ಬಣ್ಣವನ್ನು ಬೆರೆಸಿ, ಹೊಳಪಿನಿಂದ ಪ್ರಮಾಣವನ್ನು ಕಂಡುಕೊಳ್ಳುತ್ತಾರೆ. ಇದು ಕಲ್ಲನ್ನು ಬಿಟ್ಟು ಕಾಳನ್ನು ಮಾತ್ರ ಎಣಿಸಿದ ಹಾಗೆ. ಆದರೆ ಕಲ್ಲು ಎಷ್ಟಿದೆಯೆಂದು ಇದು ಹೇಳದು. ಆದುದರಿಂದ ಜಾಣರು ಎರಡನ್ನೂ ಮಾಡುತ್ತಾರೆ.

ಇನ್ನು ನುಚ್ಚಿನ ಮಾತು. ಚೀಲದಲ್ಲಿ ಕಾಳೇ ಇರಲಿ, ಕಸವೇ ಇಲ್ಲದಿರಲಿ, ಎಲ್ಲವೂ ಒಡೆದು ನುಚ್ಚಾಗಿದ್ದರೆ ತೂಕದಲ್ಲಿ ಕೊರತೆ ಕಾಣುವುದಿಲ್ಲ. ಡಿ.ಎನ್.ಎ. ತುಂಡುತುಂಡಾಗಿದ್ದರೂ ಬೆಳಕಿನ ಯಂತ್ರವು ಅದೇ ಅಂಕವನ್ನು ಹೇಳುತ್ತದೆ. ಅದಕ್ಕಾಗಿ ಅಗರೋಸ್ ಎಂಬ, ಕಡಲ ಪಾಚಿಯಿಂದ ಬರುವ ಪದಾರ್ಥದ ಲೋಳೆಹಲಗೆಯಲ್ಲಿ ದ್ರಾವಣವನ್ನಿಟ್ಟು ವಿದ್ಯುತ್ತನ್ನು ಹರಿಸುತ್ತಾರೆ. ಸಣ್ಣ ತುಂಡುಗಳು ಮುಂದಕ್ಕೆ ಓಡುತ್ತವೆ. ದೊಡ್ಡವು ಹಿಂದೆ ಉಳಿಯುತ್ತವೆ. ಅಖಂಡವಾದ ಡಿ.ಎನ್.ಎ. ಮೇಲ್ಭಾಗದಲ್ಲಿ ಒಂದೇ ದಟ್ಟವಾದ ಪಟ್ಟಿಯಾಗಿ ನಿಂತರೆ, ನುಚ್ಚಾದುದು ಮಸಿ ಒರೆಸಿದಂತೆ ಕೆಳಗಿನವರೆಗೆ ಹರಡಿಕೊಳ್ಳುತ್ತದೆ. ಆರ್.ಎನ್.ಎ. ವಿಷಯದಲ್ಲಿ 28ಎಸ್, 18ಎಸ್ ಎಂಬ ಎರಡು ಪಟ್ಟಿಗಳು ಸ್ಪಷ್ಟವಾಗಿದ್ದು, ಮೊದಲನೆಯದು ಎರಡನೆಯದರ ಸುಮಾರು ಎರಡರಷ್ಟು ದಟ್ಟವಾಗಿದ್ದರೆ ಮಾಲು ಸರಿ. ಕಣ್ಣಳತೆಯ ಈ ತೀರ್ಪಿನಲ್ಲಿ ಒಬ್ಬರಿಗೊಬ್ಬರಿಗೆ ವ್ಯತ್ಯಾಸ ಬರುತ್ತಿದ್ದುದರಿಂದ, 1ರಿಂದ 10ರವರೆಗೆ ಅಂಕ ಕೊಡುವ ಯಂತ್ರಕ್ರಮವು 2006ರಲ್ಲಿ ಪ್ರಕಟವಾಯಿತು. 10 ಎಂದರೆ ಅಖಂಡ, 1 ಎಂದರೆ ಪೂರಾ ನುಚ್ಚು. ಆರ್.ಎನ್.ಎ. ಅಂತೂ ಬಹು ಸುಕುಮಾರವಾದುದು. ಅದನ್ನು ಕತ್ತರಿಸುವ ಕಿಣ್ವವು ನಮ್ಮ ಬೆರಳ ತುದಿಯಲ್ಲಿಯೇ ಇರುತ್ತದೆ. ಕೈಗವಸಿಲ್ಲದೆ ಮುಟ್ಟಿದ ಒಂದು ಕೊಳವೆಯು ಇಡೀ ದಿನದ ಕೆಲಸವನ್ನು ಹಾಳುಮಾಡಬಲ್ಲುದು.

ಇಷ್ಟೆಲ್ಲ ವಿವರವು ನಮಗೇಕೆ ಎಂದು ಪಾಲಕರು ಕೇಳಬಹುದು. ಕಮಲಾಪುರದ ತೋಟಕ್ಕೆ ಹೋಗಿ ಉತ್ತರವನ್ನು ಹುಡುಕೋಣ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸಿಕ್ಕುವ ಕಮಲಾಪುರದ ಕೆಂಪು ಬಾಳೆಯು ಭೌಗೋಳಿಕ ಸೂಚಕದ ಗೌರವವನ್ನು ಪಡೆದ ಹಣ್ಣು. ಅದರ ರುಚಿಯನ್ನು ಇಲ್ಲಿನವರಿಗೆ ನಾವು ವರ್ಣಿಸಬೇಕಾಗಿಲ್ಲ. ಆದರೆ ಅದು ತಡವಾಗಿ ಫಲ ಕೊಡುವ ಬೆಳೆ. ನೆಟ್ಟ ಮೇಲೆ ಗೊನೆಯನ್ನು ಕೊಯ್ಯುವುದಕ್ಕೆ ಸುಮಾರು ಒಂದೂವರೆ ವರ್ಷ ಕಾಯಬೇಕು. ಈ ಬಾಳೆಯ ಕೋಶದಲ್ಲಿ ವರ್ಣತಂತುಗಳ ಮೂರು ಜೊತೆಗಳಿರುವುದರಿಂದ ಬೀಜವು ಕಟ್ಟುವುದಿಲ್ಲ. ಆದುದರಿಂದ ತಾಯಿಗಿಡದ ಬುಡದ ಕಂದನ್ನೇ ಕಿತ್ತು ನೆಡಬೇಕು, ಇಲ್ಲವೆ ಅಂಗಾಂಶ ಕೃಷಿಯಿಂದ ಬೆಳೆಸಿದ ಸಸಿಯನ್ನು ತರಬೇಕು. ತಾಯಿಗೆ ವೈರಾಣು ತಗುಲಿದ್ದರೆ ಕಂದಿನಲ್ಲಿಯೂ ಅದೇ ಇರುತ್ತದೆ. ಬಾಳೆಗೆ ‘ಬಂಚಿ ಟಾಪ್’ ಎಂಬ ರೋಗವೊಂದುಂಟು. ಎಲೆಗಳು ಕಿರಿದಾಗಿ, ಗಿಡದ ತುದಿಯಲ್ಲಿ ಒತ್ತೊತ್ತಾಗಿ ಗೊಂಚಲಾಗಿ, ಗೊನೆಯೇ ಬಾರದೆ ಹೋಗುತ್ತದೆ. ಅದರ ವೈರಾಣುವು ಡಿ.ಎನ್.ಎ. ಜಾತಿಯದು. ಬಾಳೆಯ ಬೇರೆ ಕೆಲವು ರೋಗಗಳದು ಆರ್.ಎನ್.ಎ. ಜಾತಿಯವು. ಇವನ್ನು ಮುಂಚಿತವಾಗಿ ಕಂಡುಹಿಡಿಯುವುದಕ್ಕೆ ಪಿ.ಸಿ.ಆರ್. ಎಂಬ ಪರೀಕ್ಷೆಯಿದೆ, ವೈರಾಣುವಿನ ಬರಹದ ಒಂದು ತುಣುಕು ಇದ್ದರೆ ಅದನ್ನು ಎರಡು, ನಾಲ್ಕು, ಎಂಟು ಎಂದು ಇಮ್ಮಡಿಸುತ್ತ ಕಾಣುವಷ್ಟು ಮಾಡುತ್ತಾರೆ. ಅಂಗಾಂಶ ಕೃಷಿಯ ಸಸಿಗಳಿಗೆ ಇಂಥ ಪರೀಕ್ಷೆಯ ಮೇಲೆ ಪ್ರಮಾಣಪತ್ರ ಕೊಡುವ ರಾಷ್ಟ್ರೀಯ ವ್ಯವಸ್ಥೆಯನ್ನು ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2006ರಲ್ಲಿ ಆರಂಭಿಸಿತು.

ತೊಡಕು ಇರುವುದು ಇಲ್ಲಿಯೇ. ಹೆಚ್ಚಿದ ಬಾಳೆಕಾಯಿಯು ಕಪ್ಪಾಗದಿರಲೆಂದು ನಾವು ಅದನ್ನು ಮಜ್ಜಿಗೆ ನೀರಿನಲ್ಲಿ ಹಾಕುತ್ತೇವಷ್ಟೆ. ಯಾವ ತೊಗರು ಪದಾರ್ಥದಿಂದ ಅದು ಕಪ್ಪಾಗುವುದೋ ಅದೇ ಪದಾರ್ಥವು ಬಾಳೆಯ ಎಲೆಯನ್ನು ಅರೆದಾಗ ಡಿ.ಎನ್.ಎ.ಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಅಂಟುಪದಾರ್ಥವು ಅದರ ಜೊತೆಗೆ ಉಳಿದುಕೊಂಡು ಪಿ.ಸಿ.ಆರ್. ಕಿಣ್ವದ ಕೈಕಟ್ಟುತ್ತದೆ. ಅದಕ್ಕಾಗಿಯೇ ಬಲ್ಲವರು ಇನ್ನೂ ಬಿಚ್ಚದ ಸುಳಿಯೆಲೆಯನ್ನು ಆರಿಸಿಕೊಂಡು, ಹೆಚ್ಚು ಉಪ್ಪಿರುವ ದ್ರಾವಣದಲ್ಲಿ ಸಿ-ಟ್ಯಾಬ್ ಎಂಬ ಸಾಬೂನಿನಂಥ ವಸ್ತುವನ್ನು ಬಳಸಿ ಅಂಟನ್ನು ದೂರಮಾಡುತ್ತಾರೆ. ಕಪ್ಪಾಗುವುದನ್ನು ತಡೆಯಲು ಬೇರೆ ಔಷಧಗಳನ್ನು ಸೇರಿಸುತ್ತಾರೆ. ಇಷ್ಟು ಮಾಡಿಯೂ 230ರ ಅಂಕವನ್ನು ನೋಡದೆ ಬಿಟ್ಟರೆ, ಅಂಟು ತುಂಬಿದ ದ್ರಾವಣವು ಪರೀಕ್ಷೆಗೆ ಹೋಗುತ್ತದೆ. ಕಿಣ್ವವು ಕೆಲಸ ಮಾಡುವುದಿಲ್ಲ. ಏನೂ ಕಾಣಿಸುವುದಿಲ್ಲ. ಕಾಗದದ ಮೇಲೆ ‘ವೈರಾಣು ಇಲ್ಲ’ ಎಂದು ಅಚ್ಚಾಗುತ್ತದೆ. ಆ ಕಾಗದವನ್ನು ನಂಬಿ ಕಮಲಾಪುರದ ರೈತನು ಎಕರೆಗಟ್ಟಲೆ ನೆಟ್ಟು ಒಂದೂವರೆ ವರ್ಷ ನೀರು ಕಟ್ಟುತ್ತಾನೆ.

ಇದರಿಂದ ತಿಳಿಯತಕ್ಕದ್ದೇನಂದರೆ, ಪ್ರಯೋಗಶಾಲೆಯ ‘ಇಲ್ಲ’ ಎಂಬ ಮಾತಿನಲ್ಲಿ ಎರಡು ಬಗೆಗಳಿವೆ. ನೋಡಿದೆವು, ಇಲ್ಲ ಎಂಬುದು ಒಂದು. ನೋಡಲಾಗಲಿಲ್ಲ, ಆದುದರಿಂದ ಕಾಣಲಿಲ್ಲ ಎಂಬುದು ಇನ್ನೊಂದು. ಕಾಗದದ ಮೇಲೆ ಇವೆರಡೂ ಒಂದೇ ಅಕ್ಷರಗಳಲ್ಲಿ ಬರುತ್ತವೆ. ಎರಡನ್ನೂ ಬೇರ್ಪಡಿಸುವುದು ಮಾಲಿನ ಅಳತೆಯೊಂದೇ.

ಈ ಮಾತನ್ನು ನಮ್ಮ ನಗರವು ಬಹು ದುಃಖದಿಂದ ಕಲಿಯಬೇಕಾಯಿತು. 2020ನೆಯ ಇಸವಿಯ ಮಾರ್ಚಿ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಕೋವಿಡ್ ತಗುಲಿತ್ತೆಂಬುದು ಮಾರ್ಚಿ 12ರಂದು ಖಚಿತವಾಯಿತು. ಭಾರತದಲ್ಲಿ ಆ ರೋಗದಿಂದಾದ ಮೊದಲ ಮರಣವೆಂದು ಅದು ದಾಖಲಾಯಿತು. ಆಗ ಇಲ್ಲಿ ಆ ಪರೀಕ್ಷೆಯನ್ನು ಮಾಡುವ ಅನುಕೂಲವಿರಲಿಲ್ಲ. ಮಾದರಿಯು ಬೆಂಗಳೂರಿಗೆ ಹೋಗಬೇಕಾಗಿತ್ತು. ಆ ವರ್ಷವೇ ನಗರದ ಗುಲ್ಬರ್ಗಾ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಪರೀಕ್ಷೆಯು ಆರಂಭವಾದುದು ನಮ್ಮ ಪ್ರಾಂತಕ್ಕೆ ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಮೂಗು ಗಂಟಲುಗಳಿಂದ ತೆಗೆದ ಮಾದರಿಯಲ್ಲಿ ಆರ್.ಎನ್.ಎ. ಬಹು ಸ್ವಲ್ಪವಾದುದರಿಂದ ಮೇಲೆ ಹೇಳಿದ ಬೆಳಕಿನ ತಕ್ಕಡಿಯು ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು. ಅದಕ್ಕೆ ಬದಲಾಗಿ ಜಾಣತನದ ಬೇರೊಂದು ಉಪಾಯವನ್ನು ಮಾಡಿದ್ದಾರೆ. ವೈರಾಣುವನ್ನು ಹುಡುಕುವ ಕೊಳವೆಯಲ್ಲಿಯೇ ಮನುಷ್ಯನ ಸ್ವಂತ ಜೀನು ಒಂದನ್ನೂ ಹುಡುಕುತ್ತಾರೆ. ಕಡ್ಡಿಯು ನಿಜವಾಗಿ ಗಂಟಲನ್ನು ಮುಟ್ಟಿದ್ದರೆ, ಮಾದರಿಯು ದಾರಿಯಲ್ಲಿ ಬಿಸಿಲಿಗೆ ಕೆಡದೆ ಇದ್ದರೆ, ಕಿಣ್ವವು ಕೆಲಸ ಮಾಡಿದ್ದರೆ, ಆ ಮನುಷ್ಯ ಜೀನು ಕಾಣಿಸಿಕೊಳ್ಳಲೇಬೇಕು. ಅದೂ ಕಾಣದೆ ವೈರಾಣುವೂ ಕಾಣದಿದ್ದರೆ ಉತ್ತರವು ‘ಇಲ್ಲ’ ಎಂದಲ್ಲ. ಪರೀಕ್ಷೆಯೇ ಆಗಲಿಲ್ಲ, ಮತ್ತೊಮ್ಮೆ ಮಾದರಿಯನ್ನು ತೆಗೆಯತಕ್ಕದ್ದು ಎಂದು ಅರ್ಥ. ಎಷ್ಟನೆಯ ಇಮ್ಮಡಿಯಲ್ಲಿ ಕಾಣಿಸಿತೆಂಬ ಅಂಕವು ಪ್ರಮಾಣವನ್ನು ಸೂಚಿಸುತ್ತದೆ. ಪ್ರತಿಯೊಂದು ಸುತ್ತಿನಲ್ಲಿಯೂ ಎರಡರಷ್ಟಾಗುವುದರಿಂದ 20ನೆಯ ಸುತ್ತಿನಲ್ಲಿ ಕಂಡ ಮಾದರಿಗೂ 30ನೆಯ ಸುತ್ತಿನಲ್ಲಿ ಕಂಡ ಮಾದರಿಗೂ ಸುಮಾರು ಸಾವಿರ ಪಟ್ಟಿನ ಅಂತರ. ಆದರೆ ಮಾದರಿಯನ್ನು ಸರಿಯಾಗಿ ತೆಗೆಯದಿದ್ದರೂ ಅಂಕವು ಹಿಂದೆ ಬೀಳುತ್ತದೆಂಬುದನ್ನು ಮರೆಯಬಾರದು.

ಆ ದಿನಗಳಲ್ಲಿ ನಮ್ಮ ಮನೆಯ ಹಿರಿಯರೊಬ್ಬರಿಗೆ ಜ್ವರ ಬಂದಿತು. ಮಾದರಿಯನ್ನು ಕೊಟ್ಟೆವು, ‘ಇಲ್ಲ’ ಎಂದು ಕಾಗದ ಬಂದಿತು. ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ನಾಲ್ಕು ದಿನ ಅವರು ಮೊಮ್ಮಕ್ಕಳ ಸಂಗಡವೇ ಕುಳಿತು ಉಂಡರು. ಐದನೆಯ ದಿನ ಉಸಿರಾಟ ಕಷ್ಟವಾಗಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿದಾಗ ‘ಇದೆ’ ಎಂದು ಬಂದಿತು. ಅಷ್ಟರಲ್ಲಿ ಮನೆಯ ಮೂವರು ಮಲಗಿದ್ದರು. ದೇವರ ದಯೆಯಿಂದ ಎಲ್ಲರೂ ಉಳಿದರು. ಮೊದಲನೆಯ ಕಾಗದವನ್ನು ನಾವು ಇನ್ನೂ ಇಟ್ಟುಕೊಂಡಿದ್ದೇವೆ. ಅದರಲ್ಲಿ ಹೆಸರಿದೆ, ವಯಸ್ಸಿದೆ, ಮುದ್ರೆಯಿದೆ. ಮನುಷ್ಯ ಜೀನು ಕಂಡಿತೇ ಇಲ್ಲವೇ ಎಂಬ ಒಂದು ಸಾಲು ಮಾತ್ರ ಇಲ್ಲ. ಅದು ಮೊದಲನೆಯ ಬಗೆಯ ‘ಇಲ್ಲ’ವೋ ಎರಡನೆಯ ಬಗೆಯದೋ ಇಂದಿಗೂ ನಮಗೆ ತಿಳಿಯದು. ರೋಗದ ಆರಂಭದಲ್ಲಿ ವೈರಾಣು ಕಾಣಿಸದೆ ಇರುವುದೂ ಉಂಟು. ಆದುದರಿಂದ ಯಾರ ಮೇಲೆಯೂ ದೋಷವನ್ನು ಹೊರಿಸುವುದು ನಮ್ಮ ಉದ್ದೇಶವಲ್ಲ. ಹಗಲು ರಾತ್ರಿ ಎನ್ನದೆ ಆ ಕೆಲಸವನ್ನು ಮಾಡಿದವರಲ್ಲಿ ನಮ್ಮ ಶಾಲೆಯಲ್ಲಿ ಓದಿದವರೂ ಇದ್ದರು. ಆದರೆ ಆ ಒಂದು ಸಾಲನ್ನು ಕೇಳುವ ಬುದ್ಧಿಯು ಕಾಗದವನ್ನು ಕೈಗೆ ತೆಗೆದುಕೊಂಡ ನಮಗೂ ಆಗ ಇರಲಿಲ್ಲವೆಂಬುದು ನಮ್ಮ ಮನಸ್ಸನ್ನು ಕೊರೆಯುತ್ತದೆ. ಮಾರುಕಟ್ಟೆಯಲ್ಲಿ ಎರಡು ಸೇರು ತೊಗರಿಬೇಳೆಯನ್ನು ಕೊಳ್ಳುವಾಗ ಅಂಗೈಯಲ್ಲಿ ಹರಡಿ ನೋಡುವ ನಾವು, ಈ ಕಾಗದವನ್ನು ಮಡಚಿ ಕಣ್ಣಿಗೊತ್ತಿಕೊಂಡೆವು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ನಮ್ಮ ಹೆಣ್ಣುಮಕ್ಕಳಿಗೆ ಡಿ.ಎನ್.ಎ. ಎಂದರೇನು ಎಂಬುದನ್ನು ಕಲಿಸಿದರೆ ಸಾಲದು; ಅದು ಎಷ್ಟಿದೆ, ಎಷ್ಟು ಶುದ್ಧವಾಗಿದೆ, ಎಷ್ಟು ಅಖಂಡವಾಗಿದೆ ಎಂದು ಕೇಳುವುದನ್ನು ಅದರ ಜೊತೆಯಲ್ಲಿಯೇ ಕಲಿಸತಕ್ಕದ್ದು. ಇದರಿಂದ ಪರೀಕ್ಷೆಯಲ್ಲಿ ಅಂಕ ಬರುವುದಿಲ್ಲವೆಂದು ಕೆಲವು ಪಾಲಕರು ಆಕ್ಷೇಪಿಸಬಹುದು. ಬರುವುದಿಲ್ಲ, ಒಪ್ಪುತ್ತೇವೆ. ಆದರೆ ನಮ್ಮ ಶಾಲೆಯಿಂದ ಹೊರಟವರಲ್ಲಿ ದಾದಿಯರು, ಪ್ರಯೋಗಶಾಲೆಯ ಕೆಲಸದವರು, ಔಷಧಾಲಯ ನಡೆಸುವವರು ಎಷ್ಟೋ ಮಂದಿ ಇದ್ದಾರೆ. ಇನ್ನುಳಿದವರೆಲ್ಲ ಒಂದಲ್ಲ ಒಂದು ದಿನ ಆ ಕಾಗದಗಳನ್ನು ಓದಬೇಕಾದ ತಾಯಂದಿರು, ಮಕ್ಕಳು. ಅಳತೆಯು ಬೇಸರದ ಕೆಲಸ, ಹೆಣ್ಣುಮಕ್ಕಳ ಉತ್ಸಾಹವನ್ನು ಕುಂದಿಸುತ್ತದೆ ಎಂಬ ಇನ್ನೊಂದು ಮಾತನ್ನೂ ಕೇಳಿದ್ದೇವೆ. ಇದಕ್ಕೆ ಉತ್ತರವಾಗಿ, ನಮ್ಮಂತೆಯೇ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ, ಲಂಡನ್ನಿನ ಸಂತ ಪೌಲರ ಬಾಲಿಕಾ ಶಾಲೆಯಲ್ಲಿ, ಓದಿದ ರೋಸಲಿಂಡ್ ಫ್ರಾಂಕ್ಲಿನ್ ಎಂಬಾಕೆಯನ್ನು ನೆನೆಯುತ್ತೇವೆ. 1952ರ ಮೇ ತಿಂಗಳಿನಲ್ಲಿ ಆಕೆಯೂ ಆಕೆಯ ವಿದ್ಯಾರ್ಥಿ ಗಾಸ್ಲಿಂಗನೂ ತೆಗೆದ ಎಕ್ಸ್ ಕಿರಣದ ಚಿತ್ರವು ಡಿ.ಎನ್.ಎ.ಯ ಸುರುಳಿಯಾಕಾರವನ್ನು ತಿಳಿಯಲು ಮುಖ್ಯ ಆಧಾರವಾಯಿತೆಂಬುದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆ ಚಿತ್ರಕ್ಕೆ ಬಳಸಿದ ಡಿ.ಎನ್.ಎ. ಎಲ್ಲಿಯದೆಂದು ಹೇಳುವವರು ಕಡಮೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರುಡಾಲ್ಫ್ ಸಿಗ್ನರ್ ಎಂಬಾತನು ಕರುವಿನ ಗ್ರಂಥಿಯಿಂದ ಬಹು ಜೋಕೆಯಾಗಿ, ಎಳೆ ಮುರಿಯದಂತೆ ತೆಗೆದು, 1950ರಲ್ಲಿ ಲಂಡನ್ನಿಗೆ ತಂದು ಹಂಚಿದ ಡಿ.ಎನ್.ಎ. ಅದು. ನುಚ್ಚಾದ ಮಾಲಿನಿಂದ ಅಂಥ ಚಿತ್ರವು ಬರುತ್ತಿರಲಿಲ್ಲ. ಅದರ ಮೇಲೆ ಆಕೆಯು ಎಳೆಯ ಸುತ್ತಲಿನ ಗಾಳಿಯ ತೇವವನ್ನು ಹದವರಿತು ಹೆಚ್ಚಿಸಿ ತಗ್ಗಿಸಿ, ಒಣಗಿದ ರೂಪವೊಂದು, ಒದ್ದೆಯಾದ ರೂಪವೊಂದು ಎಂದು ಎರಡನ್ನೂ ಬೇರ್ಪಡಿಸಿದಳು. ಅದಕ್ಕೂ ಮುಂಚೆ ಎರಡೂ ಬೆರೆತು ಚಿತ್ರಗಳು ಮಸುಕಾಗಿ ಬರುತ್ತಿದ್ದವು. 37ನೆಯ ವಯಸ್ಸಿನಲ್ಲಿ, 1958ರಲ್ಲಿ ತೀರಿಕೊಂಡ ಆಕೆಗೆ 1962ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಿಕ್ಕಲಿಲ್ಲವೆಂದು ಲೋಕವೆಲ್ಲ ಮರುಗುತ್ತದೆ. ನಾವು ಮರುಗುವುದರ ಸಂಗಡ ಆಕೆಯ ತೇವದ ಅಳತೆಯನ್ನೂ ಮಕ್ಕಳಿಗೆ ಹೇಳಬೇಡವೇ?

ಬೆಳಕಿನ ಯಂತ್ರವನ್ನು ಶಾಲೆಯು ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಛಾವಣಿಯ ಖರ್ಚು ಮುಗಿದಿಲ್ಲದ ಶಾಲೆಗೆ ಅಂಥ ಉಪದೇಶವನ್ನು ಮಾಡುವುದು ತರವಲ್ಲ. 1980ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವು ನಮ್ಮ ನಗರದಲ್ಲಿಯೇ ಇದೆ. ಅಲ್ಲಿ ಜೈವಿಕ ತಂತ್ರಜ್ಞಾನದ ವಿಭಾಗವೂ ಇದೆ. ವರ್ಷಕ್ಕೊಂದು ದಿನ ಹತ್ತು ಹನ್ನೆರಡು ಹುಡುಗಿಯರು ತಮ್ಮ ಬಾಳೆಯ ಎಳೆಯನ್ನು ಸಣ್ಣ ಕೊಳವೆಯಲ್ಲಿ ಒಯ್ದು, 260, 280, 230ರ ಅಂಕಗಳನ್ನು ತಾವೇ ಬರೆದುಕೊಂಡು ಬರುವಂತೆ ಅನುಮತಿಯನ್ನು ಬೇಡುವುದು ಅಸಾಧ್ಯವಲ್ಲ. ಅಂಕಗಳು ಕೆಟ್ಟದಾಗಿ ಬರುತ್ತವೆ, ಬರಲಿ. ಪ್ರದರ್ಶನದ ಹಲಗೆಯ ಮೇಲೆ ಆ ಕೆಟ್ಟ ಅಂಕಗಳನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದು, ಕಸವೆಷ್ಟೆಂದು ಕೇಳಿದ ಕಾಕಾ ಅವರಿಗೆ ತೋರಿಸಲಿ.

ಮತ್ತು ಖರ್ಚೇ ಇಲ್ಲದ ಒಂದು ಕೆಲಸವಿದೆ. ಇನ್ನು ಮುಂದೆ ಬಾಳೆಯ ಲೋಟದ ಪಕ್ಕದಲ್ಲಿ ಇನ್ನೆರಡು ಲೋಟಗಳನ್ನಿಡಲಿ. ಒಂದರಲ್ಲಿ ಹಣ್ಣಿಲ್ಲದ ಬರಿಯ ಉಪ್ಪು ಸಾಬೂನಿನ ನೀರು. ಇನ್ನೊಂದರಲ್ಲಿ ಚೆನ್ನಾಗಿ ಕುದಿಸಿ ಸೋಸಿದ ಪೇರಲ ಹಣ್ಣಿನ ರಸ. ಮೂರಕ್ಕೂ ಸ್ಪಿರಿಟನ್ನು ಬಿಟ್ಟು, ಪೇರಲದ ಲೋಟದಲ್ಲಿಯೂ ಬಿಳಿಯ ಗಡ್ಡೆ ಏಳುವುದನ್ನು ಹುಡುಗಿಯರು ಕಣ್ಣಾರೆ ನೋಡಲಿ. ಅದೇಕೆಂದು ತಾವೇ ವಾದಿಸಲಿ. ಈ ಸಂಗತಿಯನ್ನು ಮುಖ್ಯೋಪಾಧ್ಯಾಯಿನಿಯವರಲ್ಲಿ ಬಿನ್ನವಿಸಿಕೊಂಡಾಗ ಅವರು ನಕ್ಕು ಒಪ್ಪಿದ್ದಾರೆ. ಪ್ರಯೋಗಶಾಲೆಗಳಲ್ಲಿ ಕೆಲಸದಲ್ಲಿರುವ ಪೂರ್ವ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ಪ್ರದರ್ಶನದ ದಿನ ಬಿಡುವಿದ್ದರೆ, ಒಂದು ಹಳೆಯ ಜೆಲ್ ಚಿತ್ರವನ್ನು, ಮಸಿ ಒರೆಸಿದಂತೆ ಕೆಟ್ಟುಹೋದದ್ದನ್ನೇ ಆದರೂ ಸರಿ, ತಂದು ಹುಡುಗಿಯರಿಗೆ ತೋರಿಸಬೇಕೆಂದು ಕೋರುತ್ತೇವೆ. ಕಮಲಾಪುರದ ಹಣ್ಣನ್ನು ಕಾಕಾ ಅವರೇ ಕಳುಹಿಸಿಕೊಡುವೆನೆಂದಿದ್ದಾರೆ. ಪೇರಲವನ್ನು ನಾವು ತರುತ್ತೇವೆ.